ಕೇದಗಿಯ ಕಿವಿಗೆ ರಾಗ ಬಂದ ವರ್ಷ

ಮೇಲ್ದಂಡೆ, ಕೃಷ್ಣಾ ತೀರ
ಫೆಬ್ರುವರಿ ಮೂವತ್ತು, ಎರಡು ಸಾವಿರದ ನೂರಾ ಎಂಬತ್ತೊಂದು

ಮಗುವಿನ ಕಿವಿಯ ಹಿಂದೆ ಯಂತ್ರ ಕೂಡಿಸಿಕೊಂಡು ಇವತ್ತು ಆಸ್ಪತ್ರೆಯಿಂದ ಮನೆಗೆ ಹೊರಟಿರುವ ತಾಯಂದಿರಿಗೆ, ತಂದೆಯಂದಿರಿಗೆ,

ತಾರೀಕು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ದಿನಗಳು ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಗೆ ನೆಂಟರ ಹಾಗೆ ಬಂದು ಹೋಗುತ್ತವೆ. ನನ್ನ ಮಾತಿನಲ್ಲಿ ಕೆಲವು ಶಬ್ದಗಳು ನಿಮ್ಮ ಕಿವಿಗೆ ಒರಟಾಗಿ ತಾಗಿಯಾವು, ಅದಕ್ಕೆ ಕ್ಷಮೆ ಇರಲಿ. ಈ ಕಾಗದ ನಿಮ್ಮನ್ನು ಮುಟ್ಟುವುದು ಹಿಂದಂಚೆಯಿಂದ. ಕಾಲದಲ್ಲಿ ಹಿಂದಕ್ಕೆ ನಡೆಯುವ ಆ ಅಂಚೆ ಹೇಗೆ ಕೆಲಸ ಮಾಡುತ್ತದೆಂಬುದು ನನ್ನಂಥವಳಿಗೆ ತಿಳಿಯುವ ವಿಷಯವಲ್ಲ. ಒಬ್ಬರಿಗೆ ಬದುಕಿನಲ್ಲಿ ಒಂದೇ ಕಾಗದ ಎಂಬ ನಿಯಮ ಮಾತ್ರ ಗೊತ್ತು. ಹೆಚ್ಚಿನವರು ತಮ್ಮ ಸತ್ತುಹೋದ ಹಿರಿಯರಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ.

ನನ್ನ ಹೆಸರು ದಾಕ್ಷಾಯಣಿ ಹೂಗಾರ. ಅಣೆಕಟ್ಟಿನ ಕೆಳಗೆ, ನೀರಿಗೆ ಅಂಜಿ ಮತ್ತೆ ಮತ್ತೆ ಮೇಲಕ್ಕೆ ಸರಿದು ಕೂತಿರುವ ಮೇಲ್ದಂಡೆ ಎಂಬ ಊರಿನಲ್ಲಿ ನಾನು ದನಿಗಾರ್ತಿ. ಎಂದರೆ, ಗೇಟು ತೆರೆಯುವ ಮುನ್ನ ಹೊಳೆಯ ಎರಡೂ ದಂಡೆಯ ಜನಕ್ಕೆ ಬಾಯಿಮಾತಿನಲ್ಲಿ ಎಚ್ಚರಿಕೆ ಕೊಡುವವಳು. ಹಿಂದೆ ಸೈರನ್ ಕೂಗುತ್ತಿತ್ತಂತೆ. ಕೂಗಿ ಕೂಗಿ ಅದು ನಾಯಿ ಬೊಗಳಿದಷ್ಟೇ ಲೆಕ್ಕಕ್ಕೆ ಬಂದಿತು. ಮನುಷ್ಯರ ದನಿಗೆ ಮಾತ್ರ ಜನ ಈಗಲೂ ತಲೆ ಎತ್ತುತ್ತಾರೆ. ನಮಗೆ ಕಲಿಸುವ ಮೊದಲನೆಯ ಪಾಠ, ದನಿ ನಡುಗಬಾರದು ಎಂಬುದು. ಎಮ್ಮೆಯ ಮೈ ತೊಳೆಯುತ್ತಿದ್ದವನು ಬೆದರಿದ ದನಿ ಕೇಳಿದರೆ ದಂಡೆ ಹತ್ತುವುದು ಬಿಟ್ಟು ಎಮ್ಮೆಯ ಹಿಂದೆ ನೀರಿಗೇ ಓಡಿಯಾನು. ನೀರು ಎಷ್ಟೇ ಏರಿರಲಿ, ಗಂಟಲಿನಲ್ಲಿ ಕಲ್ಲು ಕೂಡಿಸಿಕೊಂಡವಳಂತೆ ಒಂದೇ ಹದದಲ್ಲಿ ಹೇಳಬೇಕು: ಗೇಟು ತೆರೆಯುತ್ತದೆ, ಮೇಲೆ ಬನ್ನಿ, ಗೇಟು ತೆರೆಯುತ್ತದೆ, ಮೇಲೆ ಬನ್ನಿ. ಎರಡೂ ದಂಡೆಯಲ್ಲಿ ನನ್ನದು ಕಲ್ಲುದನಿ ಎಂದೇ ಹೆಸರಾಗಿದೆ.

ನನ್ನ ಮಗಳು ಕೇದಗಿ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದ ವರ್ಷ ನಮ್ಮ ಸೀಮೆಗೆ ಕಿವಿಜ್ವರ ಬಂದಿತು. ಜೀವ ತೆಗೆಯದೆ ಕಿವಿಯನ್ನಷ್ಟೇ ತೆಗೆದುಕೊಂಡು ಹೋಗುವ ಜ್ವರ ಅದು. ಜ್ವರ ಇಳಿದ ಬೆಳಿಗ್ಗೆ ಅವಳು ಕಣ್ಣು ಬಿಟ್ಟು ನಗುತ್ತಿದ್ದಳು. ನನ್ನ ಕೈಯಿಂದ ಹಿತ್ತಾಳೆಯ ಪರಾತ ಜಾರಿ ಅವಳ ಬೆನ್ನ ಹಿಂದೆಯೇ ಬಿದ್ದಿತು. ಅವಳು ತಿರುಗಲಿಲ್ಲ. ಗಂಡ ಮಹಾರುದ್ರ ಅಂಗಳದಿಂದ ಓಡಿ ಬಂದ, ನೆರೆಯವರು ಬಂದರು, ಅವಳು ಮಾತ್ರ ನನ್ನ ಮುಖ ನೋಡಿ ನಗುತ್ತಲೇ ಇದ್ದಳು. ಊರಿನ ಎಷ್ಟೋ ಮನೆಗಳಲ್ಲಿ ಆ ವಾರ ಹೀಗೆಯೇ ಏನೇನೋ ಬಿದ್ದವು, ಎಷ್ಟೋ ಮಕ್ಕಳು ತಿರುಗಲಿಲ್ಲ.

ಹುಬ್ಬಳ್ಳಿಯ ಕಿವಿಮನೆಯಲ್ಲಿ ಅವಳಿಗೆ ಕಸಿ ಮಾಡಿದರು. ಅದು ನಿಮ್ಮ ಕಾಲದ್ದೇ ಯಂತ್ರ ಎಂದರೆ ನಿಮಗೆ ಆಶ್ಚರ್ಯವಾದೀತು. ನಿಮಗೂ ನಮಗೂ ನಡುವೆ ಕಾರ್ಖಾನೆಗಳೇ ಮುಚ್ಚಿಹೋದ ಬರಡು ದಶಕಗಳಿವೆ, ಅವುಗಳ ಮಾತು ಈಗ ಬೇಡ. ಕಿವಿಯ ಒಳಗಿನ ಶಂಖದಲ್ಲಿ ಕೂದಲೆಳೆಯಂಥ ತಂತಿ, ತಂತಿಯ ಮೇಲೆ ವಿದ್ಯುತ್ತಿನ ಇಪ್ಪತ್ತು ಚಿಲ್ಲರೆ ಚುಕ್ಕೆಗಳು, ಹೊರಗೆ ಕಿವಿಯ ಹಿಂದೆ ಹುಣಸೆಬೀಜದ ಬಣ್ಣದ ಗುಂಡಿ. ಜ್ವರ ಎಡಗಿವಿಯ ನರವನ್ನೇ ತಿಂದುಹಾಕಿದ್ದರಿಂದ ಕಸಿಗೆ ಒಗ್ಗಿದ್ದು ಬಲಗಿವಿ ಒಂದೇ. ಡಾಕ್ಟರ್ ಜುಬೇದಾ ಮುಲ್ಲಾ ನಮ್ಮನ್ನು ಎದುರಿಗೆ ಕೂಡಿಸಿಕೊಂಡು ಬಿಡಿಸಿ ಹೇಳಿದರು. ದೇವರು ಕೊಟ್ಟ ಕಿವಿ ಸಾವಿರಾರು ಮನೆಗಳಿರುವ ಹಾರ್ಮೋನಿಯಂ ಇದ್ದಂತೆ, ಒಂದೊಂದು ಮನೆಗೂ ಬೇರೆ ಬೇರೆ ಬೆರಳು ಬೀಳುತ್ತದೆ. ಈ ತಂತಿ ಅದೇ ಹಾರ್ಮೋನಿಯಮ್ಮನ್ನು ಅಂಗೈಯಿಂದ ಒತ್ತಿದಂತೆ. ಒಂದನ್ನು ಒತ್ತಿದರೆ ಪಕ್ಕದ ಹತ್ತಾರು ಕೂಡಿಯೇ ಕೂಗುತ್ತವೆ. ದನಿ ಏರಿದ್ದು ಇಳಿದದ್ದು, ನಿಂತದ್ದು ಹೊರಟದ್ದು, ಗಟ್ಟಿ ಮೆಲ್ಲಗೆ, ಇವೆಲ್ಲ ಮಿದುಳಿಗೆ ಮುಟ್ಟುತ್ತವೆ. ಮಾತು ನಡೆಯುವುದು ಹೆಚ್ಚಾಗಿ ಇವುಗಳ ಮೇಲೆಯೇ ಆದ್ದರಿಂದ ಮಾತು ಬರುತ್ತದೆ. ಆದರೆ ಯಾವ ಸ್ವರ, ಷಡ್ಜವೋ ಪಂಚಮವೋ, ಅದು ಕಲಸಿಹೋಗುತ್ತದೆ. ಅದೇ ಜ್ವರದಲ್ಲಿ ಕಿವಿ ಕಳೆದುಕೊಂಡು ಇಂಥದ್ದೇ ಕಸಿ ಮಾಡಿಸಿಕೊಂಡ ನಮ್ಮೂರಿನ ಭಜನೆ ಮಾಸ್ತರ ಅಡಿವೆಪ್ಪನವರು ಇದನ್ನು ಇನ್ನೂ ಚಿಕ್ಕದಾಗಿ ಹೇಳಿದ್ದರು. "ತಾಳ ಬರ್ತೈತಿ ತಂಗಿ, ರಾಗ ಬರಂಗಿಲ್ಲ." ಮುಂದೆ ಅವರು ಭಜನೆಯ ಕಡೆ ಸುಳಿಯಲೇ ಇಲ್ಲ.

ಕೇದಗಿಗೆ ಕಳೆದುಕೊಂಡ ನೆನಪೇ ಇರಲಿಲ್ಲ. ನಿನಗೆ ದನಿ ಹೇಗೆ ಕೇಳುತ್ತದೆ ಎಂದು ಯಾರಾದರೂ ಕೇಳಿದರೆ, "ದನಿ ಹೆಂಗ ಇರ್ತೈತಿ, ಹಂಗ ಐತಿ" ಎನ್ನುತ್ತಿದ್ದಳು. ಎರಡು ವರ್ಷದಲ್ಲಿ ಮಾತು ಕಲಿತಳು. ಹಲ್ಲು, ಹಾಲು ಎಂದೂ ತಪ್ಪಲಿಲ್ಲ, ಗಿಡ್ಡ ಉದ್ದದ ಭೇದ ಅವಳಿಗೆ ನಮಗಿಂತ ಚೆನ್ನಾಗಿ ತಿಳಿಯುತ್ತಿತ್ತು. ಹಾಲು, ಹಾಳು ಮಾತ್ರ ಅವಳಿಗೆ ಒಂದೇ. ಬಳೆಯೋ ಬಲೆಯೋ, ಹುಳಿಯೋ ಹುಲಿಯೋ, ಮುಂದಿನ ಮಾತಿನಿಂದ ಊಹಿಸಬೇಕು. ಮ ಮತ್ತು ನ ಕೂಡಿಕೊಳ್ಳುತ್ತಿದ್ದವು, ಆದರೆ ಮ ಎನ್ನುವಾಗ ತುಟಿ ಮುಚ್ಚುತ್ತದಲ್ಲ, ಅದನ್ನು ಕಣ್ಣಿನಿಂದ ಹಿಡಿಯುತ್ತಿದ್ದಳು. ಬೆನ್ನು ತಿರುಗಿಸಿ ಮಾತಾಡಿದವರ ಮೇಲೆ ಅವಳಿಗೆ ಕೆಟ್ಟ ಕೋಪ. ಸಂತೆಯ ಗದ್ದಲದಲ್ಲಿ ಎಲ್ಲವೂ ಒಂದೇ ರಾಶಿ. ಗಂಡಸಿನ ದನಿಯೋ ಹೆಂಗಸಿನದೋ ಗೊತ್ತಾಗದೆ ಬಾಗಿಲ ಆಚೆ ನಿಂತ ಅಪ್ಪನನ್ನು "ಯಾರವ್ವಾ ನೀ?" ಎಂದು ಕೇಳಿ ನಗಿಸುತ್ತಿದ್ದಳು. ನಮ್ಮ ಕನ್ನಡ ಪುಣ್ಯಕ್ಕೆ ಪ್ರಶ್ನೆಯನ್ನು ಮಾತಿನ ಬಾಲಕ್ಕೇ ಕಟ್ಟಿಬಿಟ್ಟಿದೆ. ಬಂದಿಯೇನು, ಉಂಡಿಯೇನು ಎಂದರೆ ರಾಗವಿಲ್ಲದೆಯೂ ತಿಳಿಯುತ್ತದೆ. ಆದರೆ ಸಿಟ್ಟು, ಅಣಕ, ಅಕ್ಕರೆ ಇವುಗಳಿಗೆ ಕನ್ನಡದಲ್ಲಿ ಬಾಲವಿಲ್ಲ.

ಒಂದು ದಿನ ಅವಳು ನೆರೆಮನೆಯ ಈರವ್ವನ ಹಪ್ಪಳದ ಹಿಟ್ಟನ್ನು ಅಂಗಳಕ್ಕೆ ಚೆಲ್ಲಿದಳು. ಈರವ್ವ ಸೊಂಟಕ್ಕೆ ಕೈ ಕೊಟ್ಟು, "ಭಾಳ ಚಲೋ ಮಾಡಿದಿ ನೋಡವ್ವಾ!" ಎಂದಳು. ಕೇದಗಿಯ ಮುಖ ಅರಳಿತು. ಮರುದಿನ ಶಾಲೆಯಿಂದ ಬಂದವಳೇ ಹಿಟ್ಟಿನ ಇನ್ನೊಂದು ಪಾತ್ರೆಯನ್ನು ಎತ್ತಿ ಚೆಲ್ಲಿ, ಹೊಗಳಿಕೆಗಾಗಿ ಕಾಯುತ್ತ ನಿಂತಳು. ಈರವ್ವ ಕೈ ಎತ್ತಿದಳು. ಹೊಡೆಯಲಿಲ್ಲ, ಆದರೆ ಎತ್ತಿದ ಕೈಯನ್ನು ಕೇದಗಿ ಕಂಡಳು. ಆವತ್ತಿನಿಂದ ಅವಳು ಯಾರ ಮಾತನ್ನೂ ನಂಬದಾದಳು. ಉಣ್ಣು ಎಂದರೆ "ಸಿಟ್ಟಿಲೆ ಅಂದಿಯೇನು?" ಎಂದು ಕೇಳುವಳು. ಬಾ ಎಂದರೆ ಮೊದಲು ಹುಬ್ಬು ನೋಡುವಳು.

ಊರಿನಲ್ಲಿ ಇಂಥ ಮಕ್ಕಳು ಬಹಳವಿದ್ದುದರಿಂದ ನಿಧಾನಕ್ಕೆ ಒಂದು ರೂಢಿ ಬಿದ್ದಿತು, ಅದನ್ನು ನಾವು ಮುನ್ಮಾತು ಎನ್ನುತ್ತೇವೆ. ಹೇಳಬೇಕಾದ್ದಕ್ಕೆ ಮೊದಲು ಮನಸ್ಸಿನಲ್ಲಿ ಏನಿದೆ ಎಂಬುದನ್ನು ಒಂದು ಶಬ್ದದಲ್ಲಿ ಹೇಳಿಬಿಡುವುದು. "ಸಿಟ್ಟು, ಬಾಗಿಲಾ ಯಾಕ ತಗದಿಟ್ಟಿ?" "ನಗಿ, ನಿಮ್ಮಪ್ಪ ದೊಡ್ಡ ಪೈಲ್ವಾನ." "ಅಂಜಿಕಿ, ಡಾಕ್ಟರ ಏನಂದ್ರು?" ಒಳಗೆ ಏನೂ ಇಲ್ಲದಿದ್ದರೆ "ಸುಮ್ನ" ಎಂದು ಶುರುಮಾಡುವುದು. ಈಗ ನಮ್ಮ ಬಸ್ಸಿನಲ್ಲಿ, ಪಂಚಾಯಿತಿಯಲ್ಲಿ, ಮದುವೆಯ ಮಾತುಕತೆಯಲ್ಲಿ ಕಿವಿ ನೆಟ್ಟಗಿರುವವರೂ ಹೀಗೆಯೇ ಮಾತಾಡುತ್ತಾರೆ. ಹೊರಗಿನವರಿಗೆ ನಗೆ ಬರುತ್ತದೆ. ಶಾಲೆಯ ಗೋಡೆಗಳಿಗೆ ಗದ್ದಲ ನುಂಗಲು ಭತ್ತದ ಹುಲ್ಲಿನ ಚಾಪೆ ಹೊದಿಸಿದ್ದೇವೆ, ಸಂತೆಯಲ್ಲಿ ಮಧ್ಯಾಹ್ನದ ಒಂದು ಹೊತ್ತು ಯಾರೂ ಕೂಗಿ ಮಾರುವಂತಿಲ್ಲ. ಮಾತಿಗೆ ಮುನ್ನ ಎದುರಿನವರ ತೋಳು ಮುಟ್ಟುವುದು ನಮ್ಮಲ್ಲಿ ಮರ್ಯಾದೆ.

ನನ್ನ ಮುನ್ಮಾತು ಯಾವಾಗಲೂ ಸುಮ್ನ. ಸುಮ್ನ, ಬುತ್ತಿ ಕಟ್ಟೀನಿ. ಸುಮ್ನ, ಹೊಳಿ ಕಡೆ ಹೋಗಬ್ಯಾಡ. ಸುಮ್ನ, ಸೈಕಲ್ಲಿನವರು ಹಿಂದಿಂದ ಬರ್ತಾರ, ನೋಡಿ ನಡಿ.

ಹೀಗೆ ಅವಳಿಗೆ ಹದಿನೇಳು ತುಂಬಿತು. ಆಗ ಹುಬ್ಬಳ್ಳಿಯ ಕಿವಿಮನೆಗೆ ಬೆಳಕಿನ ಕಸಿ ಬಂದಿತು. ವಿದ್ಯುತ್ತಿನ ಚುಕ್ಕೆಗಳ ಬದಲು ಬೆಳಕಿನ ಸಣ್ಣ ಸೂಜಿಗಳು. ಶಂಖದ ನರಕ್ಕೆ ಮೊದಲು ಒಂದು ಮದ್ದು ಕೊಟ್ಟು ಬೆಳಕಿಗೆ ಮಿಡಿಯುವುದನ್ನು ಕಲಿಸುತ್ತಾರೆ. ಬೆಳಕು ವಿದ್ಯುತ್ತಿನಂತೆ ಅಕ್ಕಪಕ್ಕ ಹರಡುವುದಿಲ್ಲ, ಬಿದ್ದಲ್ಲೇ ಬೀಳುತ್ತದೆ. ಅಂಗೈ ಹೋಗಿ ಬೆರಳು ಬಂದಂತೆ. ಆದರೆ ಹಳೆಯ ತಂತಿಯನ್ನು ಕಿತ್ತೇ ಇದನ್ನು ಹಾಕಬೇಕು, ಕಿತ್ತ ಮೇಲೆ ಹಳೆಯದು ಮತ್ತೆ ಕೂಡುವುದಿಲ್ಲ. ಕೇದಗಿಗೆ ಇದ್ದದ್ದು ಒಂದೇ ಕಿವಿ.

ಡಾಕ್ಟರ್ ಮುಲ್ಲಾ ಮುಚ್ಚಿಡಲಿಲ್ಲ. "ಅಂಜಿಕಿ ಇಟ್ಕೊಂಡೇ ಹೇಳ್ತೀನಿ. ಆದರ ಆತು, ಆಗದಿದ್ರ ಇದ್ದದ್ದೂ ಹೋತು. ಇದನ್ನ ಹಾಕಿಸಿಕೊಂಡವರು ಇನ್ನೂ ಭಾಳ ಮಂದಿ ಇಲ್ಲ, ಎಷ್ಟು ವರ್ಷ ತಡೀತೈತೋ ಖರೇನ ನನಗ ಗೊತ್ತಿಲ್ಲ."

ಮಹಾರುದ್ರ ಬೇಡವೆಂದ. "ಮಾತು ಬರ್ತೈತಿ, ಓದು ಬರ್ತೈತಿ. ರಾಗ ತಗೊಂಡು ಏನ ಮಾಡ್ತಿ ಮಗಳ?"

ಕೇದಗಿ ಹೇಳಿದಳು: "ಸಿಟ್ಟಿಲ್ಲ ಅಪ್ಪಾ. ಆದ್ರ ಮಂದಿ ತಾವಾಗಿ ಹೇಳಿದಷ್ಟ ನನಗ ತಿಳೀತೈತಿ. ಹೇಳದ್ದು ಏನಿರ್ತೈತೋ, ಅದನ್ನ ಒಮ್ಮೆ ಕೇಳಬೇಕು."

ಅವನು ನನ್ನ ಮುಖ ನೋಡಿದ. ನಾನು ಸುಮ್ನ ಎಂದೇ ಶುರುಮಾಡಿ, ಅವಳ ಕಿವಿ ಅವಳದು ಎಂದೆ.

ಕಸಿಯಾದ ಮೇಲೆ ಗಾಯ ಮಾಯುವ ತನಕ, ಮದ್ದು ನರಕ್ಕೆ ಹಿಡಿಯುವ ತನಕ, ಗುಂಡಿ ಹಚ್ಚುವಂತಿರಲಿಲ್ಲ. ಮೂರು ತಿಂಗಳು ಮನೆಯಲ್ಲಿ ಪಾಟಿಯ ಮೇಲೆ ಬರೆದು ಮಾತಾಡಿದೆವು. ಅವಳು ಆರಾಮಾಗಿಯೇ ಇದ್ದಳು, ಶೇಂಗಾ ಸುಲಿಯುತ್ತ, ಪಾಟಿಯಲ್ಲಿ ಅಪ್ಪನ ಮೀಸೆ ಬರೆದು ತೋರಿಸುತ್ತ. ನಾನು ಮಾತ್ರ ಒಲೆಯ ಮುಂದೆ ಕೂತು ದಿನ ಎಣಿಸುತ್ತಿದ್ದೆ. ಗುಂಡಿ ಹಚ್ಚಿದ ದಿನ ಡಾಕ್ಟರು ಅವಳ ಹೆಸರು ಹಿಡಿದು ಕರೆದರು. ಅವಳು ಎರಡೂ ಕೈಯಲ್ಲಿ ತಲೆ ಒತ್ತಿ ಹಿಡಿದು ಕಣ್ಣು ಮುಚ್ಚಿದಳು. "ಮಾತಲ್ಲ ಇದು! ಹಕ್ಕಿ ಕಚ್ಚಾಡಿದಂಗ ಐತಿ!" ಎಂದು ಕಿರುಚಿದಳು. ನಾನು ಮಾತಾಡಿದೆ, ಅದೂ ಹಕ್ಕಿ. ಅಪ್ಪ ಮಾತಾಡಿದ, ಅದು ಬೇರೆ ಹಕ್ಕಿ. ಹದಿನಾರು ವರ್ಷ ಕಲಿತ ಕನ್ನಡದ ಒಂದು ಶಬ್ದವೂ ಅವಳಿಗೆ ಗುರುತು ಹತ್ತಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಅವಳು ಪಾಟಿ ತೆಗೆದು ಬರೆದಳು: "ಹಳೇದು ಬೇಕು."

ಆ ಬೇಸಿಗೆ ಪೂರ್ತಿ ನಾನು ಅವಳೆದುರು ಕೂತು ಕೂಸಿಗೆ ಕಲಿಸಿದ ಹಾಗೆ ಕಲಿಸಿದೆ. ನೀರು. ಬಾಗಿಲು. ಬೆಲ್ಲ. ಮಳೆಗಾಲದ ಹೊತ್ತಿಗೆ ಹಕ್ಕಿಗಳು ಒಂದೊಂದಾಗಿ ಮಾತಾದವು. ಒಂದು ದಿನ ಅಡುಗೆಮನೆಯ ಬಾಗಿಲಿಗೆ ಬಂದು, "ಅವ್ವಾ, ಹಾಲು, ಹಾಳು ಬ್ಯಾರೆ ಬ್ಯಾರೆ!" ಎಂದಳು. ಹಾಲಿನಲ್ಲಿ ನಾಲಿಗೆ ನೆಟ್ಟಗೆ, ಹಾಳಿನಲ್ಲಿ ಮಡಚಿಕೊಂಡು ಎಂದು ಕುಣಿದಳು. ಕಿವಿಮನೆಯಲ್ಲಿ ಅವಳಿಗೆ ವಾರಕ್ಕೊಮ್ಮೆ ಪಾಠ. ಅಲ್ಲಿ ಮುನ್ಮಾತೇ ಅವಳ ಅಂಕಲಿಪಿಯಾಯಿತು. ಯಾರಾದರೂ "ಸಿಟ್ಟು" ಎಂದು ಶುರುಮಾಡಿದರೆ, ಮುಂದಿನ ದನಿ ಎಲ್ಲಿ ಏರಿತು ಎಲ್ಲಿ ಮುರಿಯಿತು ಎಂದು ನೋಡಿಕೊಳ್ಳುವಳು. "ನಗಿ" ಎಂದವರ ದನಿ ಹೇಗೆ ಪುಟಿಯುತ್ತದೆ ಎಂದು ಬೆರಳಿನಿಂದ ಗಾಳಿಯಲ್ಲಿ ಬರೆಯುವಳು. ಕಸಿಗೆಂದು ಬಂದಿದ್ದ ಮುದುಕಿಯೊಬ್ಬಳು ಅವಳ ಕೈ ಹಿಡಿದು, "ಅಂಜಿಕಿ, ನಿನಗ ಭಾಳ ನೋವಾಗಿತ್ತೇನು ಕೂಸ?" ಎಂದು ಮತ್ತೆ ಮತ್ತೆ ಕೇಳಿದಳಂತೆ. ಅಂಜಿಕೆಯ ಸ್ವರ ಅವಳು ಕಲಿತದ್ದು ಅಲ್ಲಿ.

ಮರುವಾರ, ಮೇಲಿನ ಸೀಮೆಯಲ್ಲಿ ಮಳೆ ಹಿಡಿದಿತ್ತು. ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುತ್ತಿದ್ದಳು. ನಾನು ಒಲೆಯ ಮುಂದಿನಿಂದಲೇ, "ಸುಮ್ನ, ದಂಡಿ ದಾರಿ ಬಿಟ್ಟು ಮ್ಯಾಲಿನ ದಾರಿ ಹಿಡಿ" ಎಂದೆ.

ಅವಳು ಮೆಟ್ಟಿದ ಚಪ್ಪಲಿ ಬಿಟ್ಟು ಒಳಗೆ ಬಂದಳು. "ಅವ್ವಾ, ಇನ್ನೊಮ್ಮೆ ಹೇಳು."

"ಸುಮ್ನ, ಮ್ಯಾಲಿನ ದಾರಿ ಹಿಡಿ ಅಂದೆ."

"ಇದು ಸುಮ್ನ ಅಲ್ಲ." ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು. "ಇದು ಅಂಜಿಕಿ. ಕಿವಿಮನ್ಯಾಗಿನ ಆ ಆಯಿ ಮಾತಾಡಿದಂಗ ಐತಿ. ನೀ ದಿನಾ ಹಿಂಗ ಅಂಜಿಕೋತನ ಮಾತಾಡ್ತಿದ್ದೇನು?"

ನಾನು ಇಲ್ಲ ಎಂದೆ. ಆ ಇಲ್ಲವೂ ಅವಳ ಕಿವಿಗೆ ಸಿಕ್ಕಿಬಿದ್ದಿತು. ಎರಡು ದಂಡೆಯ ಜನ ಕಲ್ಲುದನಿ ಎಂದು ನಂಬಿದ್ದ ದನಿಯೊಳಗಿನ ಸೀಳನ್ನು ಹೊಸ ಕಿವಿಯ ಹುಡುಗಿ ಅಡುಗೆಮನೆಯಲ್ಲಿ ನಿಂತು ಕೇಳಿಬಿಟ್ಟಳು.

"ಯಾವುದಕ ಅಂಜ್ತಿ?" ಎಂದು ಕೇಳಿದಳು.

ಹೇಳಿದೆ. ಪರಾತ ಬಿದ್ದ ದಿನದಿಂದ ಹೇಳಿದೆ. ನೀನು ಹೊಸ್ತಿಲು ದಾಟಿದರೆ ಸಾಕು ನನಗೆ ಅಂಜಿಕೆ ಎಂದೆ. ಹಿಂದಿನಿಂದ ಬರುವ ಗಾಡಿಗೆ ಅಂಜಿಕೆ, ಗುಂಡಿಯ ಬ್ಯಾಟರಿ ಹೊಳೆಯ ದಂಡೆಯಲ್ಲಿ ಸತ್ತುಹೋದರೆ ನನ್ನ ಎಚ್ಚರಿಕೆಯೇ ನಿನಗೆ ಕೇಳಿಸದೆ ಹೋದೀತೆಂದು ಅಂಜಿಕೆ. ಕಟ್ಟೆಯ ಮೇಲೆ ನಿಂತು ಊರಿಗೆಲ್ಲ ಮೇಲೆ ಬನ್ನಿ ಎನ್ನುವಾಗ ನನ್ನ ಕಣ್ಣು ಹುಡುಕುವುದು ನಿನ್ನ ಒಬ್ಬಳ ಕೆಂಪು ದಾವಣಿಯನ್ನು ಎಂದೆ.

ಅವಳು ಅತ್ತಾಳು ಎಂದುಕೊಂಡಿದ್ದೆ. ಅವಳಿಗೆ ಕೆಟ್ಟ ಸಿಟ್ಟು ಬಂದಿತು. "ಇಷ್ಟು ವರ್ಷ ಈ ಮನ್ಯಾಗ ನಾ ಒಬ್ಬಾಕೀನ ಅಂಜಬುರಕಿ ಅಂತ ತಿಳ್ಕೊಂಡಿದ್ದೆ! ನೀವೆಲ್ಲಾ ಸುಮ್ನ, ಸುಮ್ನ. ರಸ್ತೆ ಅಂಚಿಗೆ ನಿಂತು, ಎಲ್ಲಾ ಬಸ್ಸು ಹೋಗೂ ತನಕ ದಾಟ್ತಿರಲಿಲ್ಲ. ನಮ್ಮವ್ವ ಅಣೆಕಟ್ಟಿಗೆ ಅಂಜಂಗಿಲ್ಲ, ನಾ ಒಂದು ಬಸ್ಸಿಗೆ ಅಂಜ್ತೀನಲ್ಲಾ ಅಂತ ನನಗ ನಾಚಿಕಿ ಆಗ್ತಿತ್ತು." ಮುನ್ಮಾತಿಲ್ಲದೆ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ಆಮೇಲೆ ಬಂದು ನನ್ನ ಪಕ್ಕದಲ್ಲಿ, ಒಲೆಯ ಮುಂದೆ ಕೂತಳು. ಅವತ್ತು ಅವಳು ಎಲ್ಲಿಗೂ ಹೋಗಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಅಂಜಿಕೆಗಳನ್ನು ಹೇಳಿಕೊಂಡೆವು, ಕೆಲವಕ್ಕೆ ನಗೆಯೂ ಬಂದಿತು. ಅವಳಿಗೆ ಈರವ್ವನ ಎತ್ತಿದ ಕೈಯ ಭಯ ಇನ್ನೂ ಹೋಗಿರಲಿಲ್ಲ.

ಅದಾಗಿ ಏಳು ವರ್ಷ. ಕೇದಗಿ ಈಗ ಕಿವಿಮನೆಯಲ್ಲೇ ಹೊಸದಾಗಿ ಕಸಿಯಾದವರಿಗೆ ದನಿ ಕಲಿಸುತ್ತಾಳೆ. ಹಾಡಲು ಬಾರದು, ಆದರೆ ಅಡಿವೆಪ್ಪ ಮಾಸ್ತರರ ಹಳೆಯ ಹಾರ್ಮೋನಿಯಂ ಪೆಟ್ಟಿಗೆಯ ಮುಂದೆ ಕೂತು ಒಂದೇ ಮನೆ ಒತ್ತಿ ಬಹಳ ಹೊತ್ತು ಕೇಳುತ್ತಾಳೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಸುಖದ ಕಾಗದವಾಗುತ್ತಿತ್ತು. ಹೋದ ತಿಂಗಳು ಅವಳು ಪೆಟ್ಟಿಗೆಯ ಮುಂದಿನಿಂದ ಎದ್ದು ಬಂದು, "ಅಂಜಿಕಿ, ಮ್ಯಾಲಿನ ಸ್ವರ ಸೋರಾಕತ್ತಾವು ಅವ್ವಾ" ಎಂದಳು. ನರ ಬೆಳಕನ್ನು ಮರೆಯುತ್ತಿದೆಯಂತೆ. ಅವಳ ಜೊತೆಯಲ್ಲಿ ಕಸಿಯಾದ ಇನ್ನಿಬ್ಬರಿಗೂ ಹೀಗೆಯೇ ಆಗಿದೆ. ಮದ್ದನ್ನು ಎರಡನೆಯ ಸಲ ಕೊಡಬಹುದೇ, ಕೊಟ್ಟರೆ ಉಳಿದದ್ದು ಉಳಿದೀತೇ, ಯಾರಿಗೂ ಗೊತ್ತಿಲ್ಲ. ಡಾಕ್ಟರ್ ಮುಲ್ಲಾ ಈಗ ಬಹಳ ವಯಸ್ಸಾದವರು. ಈ ಸಲ ಅವರು ಮುನ್ಮಾತು ಹೇಳಲಿಲ್ಲ, ಹೇಳುವುದು ಬೇಕಾಗಲೂ ಇಲ್ಲ. ನಾಳೆ ಮತ್ತೆ ಹುಬ್ಬಳ್ಳಿಗೆ ಹೊರಡುತ್ತೇವೆ.

ಆದ್ದರಿಂದ ನಿಮ್ಮಲ್ಲಿ ಎರಡು ಮಾತು ಬೇಡಿಕೊಳ್ಳುತ್ತೇನೆ. ನಿಮ್ಮ ಕಾಲದಲ್ಲಿ ಬೆಳಕಿನ ಕಸಿಯ ಯೋಚನೆ ಯಾರದೋ ಮೇಜಿನ ಮೇಲೆ ಆಗಲೇ ಹುಟ್ಟಿರಬೇಕು. ಅಂಥವರು ನಿಮಗೆ ಸಿಕ್ಕರೆ ಹೇಳಿ, ಹೊಸದನ್ನು ಹಾಕುವಾಗ ಹಳೆಯದಕ್ಕೆ ಮರಳುವ ದಾರಿಯನ್ನು ಕಿತ್ತುಹಾಕಬೇಡಿ ಎಂದು. ಹೊಸ ಕಿವಿ ಕೊಟ್ಟು ಹಳೆಯ ಕಿವಿಯನ್ನೂ ಉಳಿಸುವಷ್ಟು ಸಾವಕಾಶ ಮಾಡಲಿ. ನಾವು ಅವಸರ ಪಟ್ಟೆವು ಎಂದು ನಾನು ಹೇಳಲಾರೆ, ಅವಳು ಕೇಳಿಸಿಕೊಳ್ಳಬೇಕೆಂದಿದ್ದನ್ನು ಕೇಳಿಸಿಕೊಂಡಳು. ಆದರೂ ಹೇಳಿ.

ಇನ್ನೊಂದು ಮಾತು ನಿಮಗೇ. ಮಗುವಿನ ಗುಂಡಿ ಹಚ್ಚಿದ ದಿನ ನೀವು ಜೋಗುಳ ಹಾಡುತ್ತೀರಿ, ಹಾಡಿ, ತಾಳ ಪೂರ್ತಿ ಮುಟ್ಟುತ್ತದೆ, ರಾಗವೂ ಕೆಲವು ಮಕ್ಕಳಿಗೆ ಅಷ್ಟಿಷ್ಟು ಮುಟ್ಟುತ್ತದಂತೆ. ಮುಖ ತೋರಿಸಿ ಮಾತಾಡಿ, ಒಬ್ಬೊಬ್ಬರಾಗಿ ಮಾತಾಡಿ, ಸೋಲಬೇಡಿ, ಮಾತು ಬರುತ್ತದೆ. ಆದರೆ ನಿಮ್ಮ ಗಂಟಲಿನ ನಡುಕ ಆ ತಂತಿಯಲ್ಲಿ ಹಾಯುವುದಿಲ್ಲ. ಹಾಯುವುದಿಲ್ಲವೆಂದು ನೆಮ್ಮದಿಯಾಗಿ ಅದನ್ನು ಬಚ್ಚಿಡಬೇಡಿ. ಅಂಜಿಕೆಯಾದರೆ ಅಂಜಿಕೆಯಾಗಿದೆ ಎಂದು ಬಾಯಿ ಬಿಟ್ಟು ಹೇಳಿ. ಆ ಮಗು ರಸ್ತೆಯ ಅಂಚಿನಲ್ಲಿ ನಿಂತು, ಲೋಕದಲ್ಲಿ ತಾನೊಬ್ಬಳೇ ಅಂಜುವವಳು ಎಂದು ನಾಚಿಕೊಳ್ಳದಿರಲಿ.

ಕೇದಗಿ ಒಳಗೆ ಬಂದಿದ್ದಾಳೆ. ಏನು ಬರೆದೆ ಎಂದು ಕೇಳಿದಳು, ಓದಿಕೋ ಎಂದು ಹಾಳೆಗಳನ್ನು ಕೊಡಹೋದೆ. ತೆಗೆದುಕೊಳ್ಳಲಿಲ್ಲ. "ನೀನ ಓದು," ಎನ್ನುತ್ತಿದ್ದಾಳೆ, "ಇನ್ನೂ ನನಗ ಕೇಳಸ್ತೈತಲ್ಲ, ಮೊದಲಿಂದ ಓದು." ಚಾಪೆ ಹಾಸಿಕೊಂಡು, ಬಲಗಿವಿಯನ್ನು ನನ್ನ ಕಡೆಗೆ ಮಾಡಿ ಕೂತಿದ್ದಾಳೆ. ನಾನು ಇಲ್ಲಿಗೆ ಬರೆಯುವುದನ್ನು ನಿಲ್ಲಿಸಿ ಓದಲು ತೊಡಗುತ್ತೇನೆ.

ನಿಮ್ಮ ಮಕ್ಕಳು ಕ್ಷೇಮವಾಗಿರಲಿ.

ದಾಕ್ಷಾಯಣಿ ಹೂಗಾರ